ಗೋಡೆಯ ಚಿತ್ರಪಟ ಇಳಿಸೋಣ, ಹಗ್ಗ ಹಿಡಿಯೋಣ

ಮಾನವ ವಿಕಾಸ ಎಂದೊಡನೆ ನಮ್ಮ ಶಾಲೆಗಳ ಗೋಡೆಯ ಮೇಲೆ ಕಾಣುವುದು ಒಂದೇ ಚಿತ್ರಪಟ. ಎಡತುದಿಯಲ್ಲಿ ಬಾಗಿದ ಮಂಗ, ಅದರ ಮುಂದೆ ಸ್ವಲ್ಪ ನೆಟ್ಟಗಾದ ವಾನರ, ಬಲತುದಿಯಲ್ಲಿ ಈಟಿ ಹಿಡಿದು ನಡೆಯುವ ಮನುಷ್ಯ. ಈ ಚಿತ್ರಪಟವನ್ನು ಕೆಳಗಿಳಿಸಬೇಕು ಎಂಬುದು ನನ್ನ ಅಭಿಪ್ರಾಯ. ಇಂದಿನ ಮಂಗ ನಮ್ಮ ಅಜ್ಜನಲ್ಲ, ದೂರದ ದಾಯಾದಿ. ವಿಕಾಸವು ಕವಲೊಡೆಯುತ್ತಾ ಹೋದ ಮರದಂತೆ. ಅದರ ಎಷ್ಟೋ ಕೊಂಬೆಗಳು ಒಣಗಿಹೋಗಿವೆ. ಚಿತ್ರಪಟದಲ್ಲಿ ಆ ಕವಲುಗಳೇ ಇಲ್ಲ. ಇನ್ನೂ ದೊಡ್ಡ ಕೊರತೆಯೆಂದರೆ, ಇದೆಲ್ಲ ಎಲ್ಲಿ ನಡೆಯಿತು ಎಂಬುದು ಅದರಲ್ಲಿಲ್ಲ. ಎಲ್ಲೋ ಹೊರದೇಶದ ಕಥೆ ಎಂದೇ ಮಕ್ಕಳು ತಿಳಿಯುತ್ತಾರೆ.

ಪ್ರಾಥಮಿಕ ಶಾಲೆಯಲ್ಲಿ ಇದರ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ಕೆಲವರು ಕೇಳಬಹುದು. 2023ರ ಹೊತ್ತಿಗೆ ಎನ್.ಸಿ.ಇ.ಆರ್.ಟಿ.ಯ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ತೆಗೆದರು. ಮುಂದೆ ಜೀವಶಾಸ್ತ್ರ ಓದದ ಮಗುವಿಗೆ ಈ ವಿಷಯ ಕಿವಿಗೆ ಬೀಳುವುದಿದ್ದರೆ ಅದು ನಮ್ಮ 6, 7ನೇ ತರಗತಿಯ ಕೊಠಡಿಯಲ್ಲೇ.

ಹಾಗಾದರೆ ಎಲ್ಲಿಂದ ಆರಂಭಿಸೋಣ? ಕಲ್ಲಿನಿಂದ. 1863ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಒಂದು ಕಲ್ಲಿನ ಆಯುಧವನ್ನು ಗುರುತಿಸಿದರು. ನಮ್ಮ ನಾಡಿನ ಹಳೆಯ ಶಿಲಾಯುಗದ ಅಧ್ಯಯನ ಶುರುವಾದದ್ದು ಅಲ್ಲಿಂದ. ಅದೇ ಸೀಮೆಯ ಅತ್ತಿರಂಪಾಕ್ಕಂನಲ್ಲಿ ಸಿಕ್ಕ ಕೈಗೊಡಲಿಗಳು ಸುಮಾರು 15 ಲಕ್ಷ ವರ್ಷ ಹಳೆಯವೆಂದು 2011ರಲ್ಲಿ ಪ್ರಕಟವಾಯಿತು. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ಇಸಾಂಪುರ ಎಂಬ ಊರಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಲ್ಲಿ ಉತ್ಖನನ ಮಾಡಿದಾಗ ಕಲ್ಲಿನ ಆಯುಧಗಳ ಒಂದು ಕಾರ್ಖಾನೆಯೇ ಸಿಕ್ಕಿತು. ಸುಣ್ಣಕಲ್ಲಿನ ಚಪ್ಪಡಿಗಳು, ಹೊಡೆಯಲು ಬಳಸಿದ ಗುಂಡುಕಲ್ಲುಗಳು, ಅರ್ಧ ಕೆತ್ತಿ ಬಿಟ್ಟ ಕೈಗೊಡಲಿಗಳು, ಸುತ್ತ ಬಿದ್ದ ಚಕ್ಕೆಗಳು. ಜೊತೆಗೆ ಸಿಕ್ಕ ಪ್ರಾಣಿಗಳ ಹಲ್ಲುಗಳಿಂದ ಲೆಕ್ಕ ಹಾಕಿದ ವಯಸ್ಸು ಸುಮಾರು 12 ಲಕ್ಷ ವರ್ಷ. ಇವನ್ನು ಕೆತ್ತಿದವರು ನಮ್ಮ ಪ್ರಭೇದದವರಲ್ಲ ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ನಮ್ಮ ಪ್ರಭೇದವಾದ ಹೋಮೊ ಸೇಪಿಯನ್ಸ್ ಆಫ್ರಿಕಾದಲ್ಲಿ ಕಾಣಿಸಿಕೊಂಡದ್ದು ಸುಮಾರು 3 ಲಕ್ಷ ವರ್ಷಗಳ ಹಿಂದೆ. ಇಂದು ಭಾರತದಲ್ಲಿರುವ ನಮ್ಮೆಲ್ಲರ ಪೂರ್ವಜರು ಅಲ್ಲಿಂದ ಹೊರಟದ್ದು ಹೆಚ್ಚುಕಡಿಮೆ 60-70 ಸಾವಿರ ವರ್ಷಗಳ ಈಚೆಗೆ. ದಾರಿಯಲ್ಲಿ ನಿಯಾಂಡರ್ತಾಲ್ ಮಾನವರೊಡನೆ ಬೆರೆತದ್ದರ ಗುರುತು, ನೂರಕ್ಕೆ ಸುಮಾರು ಎರಡು ಪಾಲಿನಷ್ಟು, ನಮ್ಮ ಡಿ.ಎನ್.ಎ.ಯಲ್ಲಿ ಇಂದಿಗೂ ಇದೆ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ತರಗತಿಯಲ್ಲಿ ಒಂದು ಪ್ರಶ್ನೆ ಬರುತ್ತದೆ: “ಸರ್, ನಮ್ಮ ಮಂದಿ ಮೊದಲಿಂದ ಇಲ್ಲಿಯವರೇನ್ರೀ, ಹೊರಗಿಂದ ಬಂದವರೇನ್ರೀ?” ‘ನಮ್ಮ ಮಂದಿ’ ಎಂದರೆ ಮಗುವಿನ ಮನಸ್ಸಿನಲ್ಲಿ ಅದರ ಜಾತಿ. ಇಲ್ಲಿ ನಾವು ಬಾಯಿಗೆ ಬಂದ ಉತ್ತರ ಕೊಡಬಾರದು. ಬಿಳಿಯರು ಆರ್ಯರು, ಕಪ್ಪಗಿರುವವರು ದ್ರಾವಿಡರು ಎಂದು ಹಲಗೆಯ ಮೇಲೆ ಬರೆಯುವವರು ಈಗಲೂ ಇದ್ದಾರೆ. ಇವು ಭಾಷಾ ಕುಟುಂಬಗಳ ಹೆಸರುಗಳೇ ಹೊರತು ಚರ್ಮದ ಬಣ್ಣದವಲ್ಲ. ಪಕ್ಕದಲ್ಲೇ ಕುಳಿತ ಇಬ್ಬರು ಮಕ್ಕಳು ಅಂದಿನಿಂದ ಒಬ್ಬರನ್ನೊಬ್ಬರು ಬೇರೆ ಕಣ್ಣಿನಿಂದ ನೋಡುವಂತೆ ಮಾಡುವ ಪಾಠ ವಿಜ್ಞಾನದ ಪಾಠವಲ್ಲ.

ವಿಜ್ಞಾನ ಹೇಳುವ ಉತ್ತರ ಬೇರೆಯೇ ಇದೆ. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ಲಾಲ್ಜಿ ಸಿಂಗ್, ಕೆ. ತಂಗರಾಜ್ ಅವರು ಹಾರ್ವರ್ಡಿನ ಡೇವಿಡ್ ರೈಕ್ ಅವರ ತಂಡದೊಡನೆ 2009ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಇಂದಿನ ಬಹುಪಾಲು ಭಾರತೀಯರು ಎರಡು ಪ್ರಾಚೀನ ಜನಸಮೂಹಗಳು ಬೆರೆತು ಆದವರು. ಪಾಲು ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ. 2019ರ ಅಧ್ಯಯನಗಳು ಚಿತ್ರವನ್ನು ಇನ್ನಷ್ಟು ಬಿಡಿಸಿದವು. ಇಲ್ಲಿ ಬೇಟೆಯಾಡಿ, ಗೆಡ್ಡೆಗೆಣಸು ಆಯ್ದು ಬದುಕುತ್ತಿದ್ದ ಮೊದಲಿಗರು, ಇರಾನ್ ಕಡೆಯ ಪ್ರಾಚೀನರಿಗೆ ಸಂಬಂಧಿಸಿದವರು, ಕ್ರಿ.ಪೂ. 2000ದ ನಂತರ ಮಧ್ಯ ಏಷ್ಯಾದ ದಾರಿಯಾಗಿ ಬಂದ ಹುಲ್ಲುಗಾವಲಿನ ಪಶುಪಾಲಕರು. ಮುಂಡಾ ಭಾಷೆ ಆಡುವವರಲ್ಲಿ ಆಗ್ನೇಯ ಏಷ್ಯಾದ ಪಾಲೂ ಇದೆ. ಹರಿಯಾಣದ ರಾಖಿಗಢಿಯಲ್ಲಿ 60ಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದರೂ ಓದಲು ಸಾಧ್ಯವಾದದ್ದು ಒಬ್ಬ ಹೆಂಗಸಿನ ಡಿ.ಎನ್.ಎ. ಮಾತ್ರ, ನಮ್ಮ ಬಿಸಿಲಿನ ನೆಲ ಅದನ್ನು ಅಷ್ಟು ಬೇಗ ಕೆಡಿಸುತ್ತದೆ. ಸಿಂಧೂ ನಾಗರಿಕತೆಯ ಆ ಹೆಂಗಸಿನಲ್ಲಿ ಮೊದಲೆರಡು ಪಾಲುಗಳಿದ್ದವು, ಹುಲ್ಲುಗಾವಲಿನವರ ಪಾಲು ಇರಲಿಲ್ಲ.

ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು 2013ರಲ್ಲಿ ಪ್ರಕಟವಾದ ಲೆಕ್ಕ. ಸುಮಾರು 4,200 ವರ್ಷಗಳ ಹಿಂದಿನಿಂದ 1,900 ವರ್ಷಗಳ ಹಿಂದಿನವರೆಗೆ ಈ ಗುಂಪುಗಳ ನಡುವೆ ಧಾರಾಳವಾಗಿ ಮದುವೆ ಸಂಬಂಧಗಳು ನಡೆದವು. ಆಮೇಲೆ ಬೆರಕೆ ಕಡಿಮೆಯಾಗಿ, ತಮ್ಮ ತಮ್ಮೊಳಗೇ ಮದುವೆಯಾಗುವ ಕಟ್ಟು ಬಿಗಿಯಾಯಿತು. ಶುದ್ಧ ರಕ್ತ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ತರಗತಿಯ ಆ ಪ್ರಶ್ನೆಗೆ ಉತ್ತರ: ಎಲ್ಲರ ಪೂರ್ವಜರಲ್ಲೂ ಮೊದಲು ಬಂದವರಿದ್ದಾರೆ, ಆಮೇಲೆ ಬಂದವರೂ ಇದ್ದಾರೆ.

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಶಿಕ್ಷಕರಿಗೆ ಇನ್ನೊಂದು ಅನುಕೂಲವಿದೆ, ಅದು ಬೂದಿದಿಬ್ಬ. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗವೆಂದು ಜನ ಹೇಳುತ್ತಾರೆ. ಆ ಕಥೆಯನ್ನು ಮಕ್ಕಳ ಬಾಯಿಂದಲೇ ಹೇಳಿಸಿ, ನಗಬೇಡಿ. ಆಮೇಲೆ ಉಟ್ನೂರಿನ ಸಂಗತಿ ಹೇಳಿ. ಇಂದಿನ ತೆಲಂಗಾಣದ ಆ ದಿಬ್ಬವನ್ನು 1957ರಲ್ಲಿ ಆಲ್ಚಿನ್ ಅಗೆಸಿದಾಗ ದನಗಳ ಗೊರಸಿನ ಗುರುತುಗಳು ಸಿಕ್ಕವು. ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ರಾಶಿ ಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಆದ ಬೂದಿ ಅದು. ಇಲ್ಲಿನ ದಿಬ್ಬಗಳೂ ಅಂಥವೇ. ಆ ಕಾಲದ ನೆಲೆಗಳಲ್ಲಿ ಸಿಕ್ಕ ಕಾಳುಗಳು ಹುರುಳಿ, ಹೆಸರು, ಕೊರಲೆ. ಹುರುಳಿ ಸಾರು ಉಂಡು ಬಂದ ಮಗುವಿಗೆ ಇದನ್ನು ಪ್ರತ್ಯೇಕವಾಗಿ ವಿವರಿಸಬೇಕಿಲ್ಲ. ಎಷ್ಟೋ ದಿಬ್ಬಗಳ ಬೂದಿ ಗೊಬ್ಬರವೆಂದು ಹೊಲಗಳಿಗೆ ಹೋಗಿದೆ. ಸಂಗನಕಲ್ಲಿನ ಗುಡ್ಡಗಳನ್ನು ಕಲ್ಲುಗಣಿಗಾರಿಕೆ ತಿಂದಿದೆ. ಮಕ್ಕಳನ್ನು ಕರೆದೊಯ್ದರೆ ನೋಡಲು, ಚಿತ್ರ ಬರೆಯಲು ಮಾತ್ರ. ಒಂದು ಚಕ್ಕೆಯನ್ನೂ ಎತ್ತಿ ಶಾಲೆಗೆ ತರಬೇಡಿ. ಬಿದ್ದಲ್ಲೇ ಇದ್ದರೆ ಅದು ಸಾಕ್ಷಿ, ನಮ್ಮ ಬೀರುವಿನಲ್ಲಿ ಬರೀ ಕಲ್ಲು.

ಹತ್ತಿರ ಯಾವ ದಿಬ್ಬವೂ ಇಲ್ಲದ ಶಾಲೆಯವರು 15 ಮೀಟರ್ ಹಗ್ಗ ತನ್ನಿ. ಒಂದು ಮೀಟರಿಗೆ ಒಂದು ಲಕ್ಷ ವರ್ಷ. ಒಂದು ತುದಿಯಲ್ಲಿ ಇಂದು, ಇನ್ನೊಂದು ತುದಿಯಲ್ಲಿ ಅತ್ತಿರಂಪಾಕ್ಕಂ. ಇಂದಿನಿಂದ 12 ಮೀಟರಿಗೆ ಇಸಾಂಪುರ, 3 ಮೀಟರಿಗೆ ನಮ್ಮ ಪ್ರಭೇದ. ಆಫ್ರಿಕಾದಿಂದ ಹೊರಟದ್ದು ಸುಮಾರು 70 ಸೆಂಟಿಮೀಟರಿನ ಈಚೆ, ಬೂದಿದಿಬ್ಬಗಳು 5 ಸೆಂಟಿಮೀಟರಿನೊಳಗೆ. ನಾವು ಜಗಳವಾಡುವ ಜಾತಿಯ ಬಿಗಿ ಕಟ್ಟು ಇರುವುದು ಕೊನೆಯ 2 ಸೆಂಟಿಮೀಟರಿನಲ್ಲಿ. ಅಜ್ಜಿಯ ವಯಸ್ಸಿನ ಗುರುತನ್ನೂ ಹಾಕುತ್ತೇವೆಂದು ಮಕ್ಕಳು ಹಟ ಹಿಡಿಯುತ್ತಾರೆ. 70 ವರ್ಷವೆಂದರೆ 0.7 ಮಿಲಿಮೀಟರ್. ಪೆನ್ಸಿಲನ್ನು ಮೊದಲೇ ಚೂಪಾಗಿ ಹೆರೆಸಿಡಿ.