ಕರಡಿಗೆ ಸಹಿ ಹಾಕಿದವರು ಯಾರು?



ನಿಮ್ಮ ಜೇಬಿನಲ್ಲಿರುವ ಫೋನಿಗೆ ಒಡೆಯ ಯಾರು? ದುಡ್ಡು ಕೊಟ್ಟವರು ನೀವು. ತಿಂಗಳು ತಿಂಗಳು ಕಂತು ಕಟ್ಟುತ್ತಿರುವವರು ನೀವು. ಬಿಲ್ಲಿನಲ್ಲಿರುವುದು ನಿಮ್ಮ ಹೆಸರು. ಆದರೆ ನೀವು ಮಲಗಿದ ಮೇಲೆ ಅದರೊಳಗೆ ನುಗ್ಗಿ, ಇದ್ದುದನ್ನು ಕಿತ್ತು, ಹೊಸದನ್ನು ಕೂರಿಸಿ, ಸದ್ದಿಲ್ಲದೆ ಬಾಗಿಲೆಳೆದುಕೊಂಡು ಹೋಗುವವರು ಬೇರೆಯವರು. ಬೆಳಿಗ್ಗೆ ಎದ್ದಾಗ ಫೋನು ಆಮೆಯಾಗಿದ್ದರೆ, ಮಧ್ಯಾಹ್ನಕ್ಕೇ ಬ್ಯಾಟರಿ ಬರಿದಾದರೆ, ಕನ್ನಡ ಕೀಲಿಮಣೆ ಕಾಣೆಯಾಗಿದ್ದರೆ ಯಾರನ್ನು ಕೇಳುತ್ತೀರಿ? ಈ ಕೆಲಸಕ್ಕೆ ಅವರು ಇಟ್ಟಿರುವ ಹೆಸರು 'ಅಪ್‌ಡೇಟ್'.

ನಾನು ಕಂಪ್ಯೂಟರ್ ಇಂಜಿನಿಯರ್ ಅಲ್ಲ. ಪಿಯುಸಿ ಮುಗಿಸಿ ಅಪ್ಪನ ಮುದ್ರಣಾಲಯದಲ್ಲಿ ಮೊಳೆ ಜೋಡಿಸಲು ಕೂತವನು. ಟ್ರೆಡಲ್ ಹೋಗಿ ಆಫ್‌ಸೆಟ್ ಬಂತು. ಮೊಳೆ ಹೋಗಿ ಡಿಟಿಪಿ ಬಂತು. ಕಾಲ ಬದಲಾದಂತೆ ನಾನೂ ಬದಲಾಗಿದ್ದೇನೆ. ಆದರೆ ನಮ್ಮ ಕಸುಬಿನ ಒಂದು ನಿಯಮ ಮಾತ್ರ ಬದಲಾಗಿಲ್ಲ. ಗಿರಾಕಿ ಕರಡು ನೋಡಿ ಒಪ್ಪದೆ ಒಂದು ಹಾಳೆಯನ್ನೂ ಯಂತ್ರಕ್ಕೆ ಕೊಡುವಂತಿಲ್ಲ. ಬೀದಿ ಬದಿಯ ಮಿಕ್ಸ್ಚರ್ ಅಂಗಡಿಯವನ ಬಿಲ್ ಪುಸ್ತಕಕ್ಕೂ ಇದೇ ನಿಯಮ, ದೊಡ್ಡ ಮನೆತನದ ಲಗ್ನಪತ್ರಿಕೆಗೂ ಇದೇ ನಿಯಮ. ಕರಡು ತೋರಿಸದೆ ಅಚ್ಚು ಹಾಕಿ ತಪ್ಪಾದರೆ ನಷ್ಟ ಮುದ್ರಕನದು. ಇದನ್ನು ನನಗೆ ಅಪ್ಪ ಕಲಿಸಿದ್ದು ಬೈಗುಳದ ಜೊತೆಗೆ!

ಕಳೆದ ಮದುವೆ ಸುಗ್ಗಿಯಲ್ಲಿ ಈ ನಿಯಮವೇ ನನ್ನನ್ನು ಕಚ್ಚಿತು. ಕೇಳಿ.

ಮಾಗಡಿ ಕಡೆಯ ಒಬ್ಬರು 800 ಲಗ್ನಪತ್ರಿಕೆಗೆ ಆರ್ಡರ್ ಕೊಟ್ಟಿದ್ದರು. ಕರಡನ್ನು ವಾಟ್ಸಾಪಿನಲ್ಲಿ ಕಳಿಸಿದೆ. ಅವರು ಪೆನ್ನಿನಲ್ಲಿ ತಿದ್ದಿ, ಅದರ ಫೋಟೋ ತೆಗೆದು, ರಾತ್ರಿ ಹನ್ನೊಂದಕ್ಕೆ ಕಳಿಸಿದರು. ನಾಲ್ಕು ತಿದ್ದುಪಡಿ. ಕಣ್ಣಾಡಿಸಿದೆ, ಬೆಳಿಗ್ಗೆ ನೋಡಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಫೋನಿನ ಮೇಲೆ ವಾರದಿಂದ ಪೀಡಿಸುತ್ತಿದ್ದ ಅದೇ ಸೂಚನೆ ಮತ್ತೆ ಬಂತು. ಗುಂಡಿಯ ಮೇಲಿದ್ದುದು ಕನ್ನಡವೇ: 'ಈಗ ಸ್ಥಾಪಿಸಿ'. ಅದರ ಮೇಲಿದ್ದ ಎರಡು ಪುಟದ ವಿವರ, ಷರತ್ತು ಎಲ್ಲವೂ ಇಂಗ್ಲಿಷ್. ಸಾಕಾಗಿತ್ತು, ಒತ್ತಿ ಮಲಗಿದೆ. ಹೌದು, ಒತ್ತಿದವನು ನಾನೇ. ಓದದೆ ಒತ್ತಿದೆ.

ಬೆಳಿಗ್ಗೆ ಆರಕ್ಕೆ ನೋಡಿದರೆ ಫೋನಿನ ತುಂಬ ಕಂಪನಿಯ ಗುರುತು. ಬರುತ್ತದೆ, ಆರುತ್ತದೆ, ಮತ್ತೆ ಬರುತ್ತದೆ. ಅದರಾಚೆಗೆ ಹೋಗಲೇ ಇಲ್ಲ. ಗಿರಾಕಿಯ ನಂಬರು ಅದರೊಳಗೆ. ತಿದ್ದಿದ ಕರಡು ಅದರೊಳಗೆ. ಆರ್ಡರ್ ಪುಸ್ತಕದಲ್ಲಿ ಬರೆದಿದ್ದ ನಂಬರು ಅವರ ಮಗನದು, ಅವನು ಎತ್ತಲಿಲ್ಲ. ಮಧ್ಯಾಹ್ನ ಬಂದು ಪತ್ರಿಕೆ ಒಯ್ದು, ಸಂಜೆ ಮನೆದೇವರ ಮುಂದಿಡಬೇಕು ಎಂದು ಹೇಳಿಹೋಗಿದ್ದರು. ನೆನಪಿನ ಮೇಲೆ ಮೂರು ತಪ್ಪು ತಿದ್ದಿ ಯಂತ್ರಕ್ಕೆ ಕೊಟ್ಟೆ. ನಾಲ್ಕನೆಯದು ನೆನಪಾಗಲಿಲ್ಲ.

ಆ ನಾಲ್ಕನೆಯದು ಏನು ಗೊತ್ತೇ? ವರನ ಅಜ್ಜನ ಹೆಸರಿನ ಹಿಂದೆ ನಮ್ಮ ಡಿಟಿಪಿ ಹುಡುಗ ತಪ್ಪಾಗಿ ಹಾಕಿದ್ದ 'ದಿ||' ತೆಗೆಯಬೇಕಿತ್ತು! ಮಧ್ಯಾಹ್ನ ಪತ್ರಿಕೆ ಒಯ್ಯಲು ಬಂದವರಲ್ಲಿ ಆ ಅಜ್ಜನೂ ಇದ್ದರು. ಮೊದಲ ಪತ್ರಿಕೆ ಕೈಗೆತ್ತಿಕೊಂಡು ಓದಿದವರೂ ಅವರೇ. ಬದುಕಿರುವ ಮನುಷ್ಯನನ್ನು 800 ಸಲ ಸಾಯಿಸಿದ್ದೆ. ಅವರು ಬೈಯಲಿಲ್ಲ, ಕುರ್ಚಿ ಎಳೆದುಕೊಂಡು ಸುಮ್ಮನೆ ಕೂತರು. ಬೈದಿದ್ದರೆ ಚೆನ್ನಾಗಿತ್ತು. 800 ಪತ್ರಿಕೆಯನ್ನೂ ನನ್ನ ಖರ್ಚಿನಲ್ಲಿ ಮತ್ತೆ ಹಾಕಿಕೊಟ್ಟೆ. ಅದು ನ್ಯಾಯ. ತಪ್ಪು ನನ್ನದು, ನಷ್ಟವೂ ನನ್ನದು.

ಫೋನನ್ನು ಸರ್ವಿಸ್ ಸೆಂಟರಿಗೆ ಒಯ್ದೆ. ಅಲ್ಲಿದ್ದ ಹುಡುಗ, 'ಮದರ್‌ಬೋರ್ಡ್ ಬದಲಾಯಿಸಬೇಕು, ಒಳಗಿರುವುದು ಯಾವುದೂ ಉಳಿಯುವುದಿಲ್ಲ' ಎಂದ. ಅವನು ಹೇಳಿದ ಹಣಕ್ಕೆ ಇನ್ನೊಂದು ಫೋನೇ ಬರುತ್ತಿತ್ತು. ವಾರಂಟಿ ಮುಗಿದು ಎರಡು ತಿಂಗಳಾಗಿತ್ತು. 'ನಿನ್ನೆಯವರೆಗೆ ಸರಿಯಾಗಿತ್ತಲ್ಲಪ್ಪ, ಕೆಡಿಸಿದ್ದು ನಿಮ್ಮ ಅಪ್‌ಡೇಟೇ ಅಲ್ಲವೇ?' ಎಂದೆ. ಅವನು ಒಂದು ಇಂಗ್ಲಿಷ್ ಫಾರಂ ಮುಂದಿಟ್ಟು ಸಹಿ ಹಾಕಿ ಎಂದ. ಬೇರೆಯವರಿಂದ ಓದಿಸಿದೆ. ಮಾಹಿತಿ ನಷ್ಟಕ್ಕೆ ಕಂಪನಿ ಹೊಣೆಯಲ್ಲ ಎಂದಿತ್ತು. ನೋಡಿ ಸ್ವಾಮಿ! ಸಣ್ಣ ಮುದ್ರಕ ತಪ್ಪು ಮಾಡಿದರೆ 800 ಪತ್ರಿಕೆ ಮತ್ತೆ ಹಾಕಬೇಕು. ದೊಡ್ಡ ಕಂಪನಿ ತಪ್ಪು ಮಾಡಿದರೆ ನಾವೇ ಸಹಿ ಹಾಕಿ ಅದನ್ನು ಬಿಡುಗಡೆ ಮಾಡಬೇಕು!

ಇದು ನನ್ನೊಬ್ಬನ ಗೋಳು ಎಂದುಕೊಳ್ಳಬೇಡಿ. ಜಗತ್ತಿನ ಅತಿ ದೊಡ್ಡ ಕಂಪನಿಗಳ ಚರಿತ್ರೆಯನ್ನೇ ನೋಡಿ.

2017ರ ಜನವರಿಯಲ್ಲಿ ಆಪಲ್ ಕಂಪನಿ ತನ್ನ ಐಫೋನುಗಳಿಗೆ 10.2.1 ಎಂಬ ಅಪ್‌ಡೇಟ್ ಬಿಟ್ಟಿತು. ಬ್ಯಾಟರಿ ಹಳೆಯದಾದಾಗ ಒಮ್ಮೆಲೇ ಹೆಚ್ಚು ಶಕ್ತಿ ಕೊಡಲಾರದು, ಫೋನು ತಟ್ಟನೆ ಆರಿಹೋಗುತ್ತದೆ. ಅದನ್ನು ತಪ್ಪಿಸಲು ಆ ಅಪ್‌ಡೇಟ್ ಫೋನಿನ ವೇಗವನ್ನೇ ತಗ್ಗಿಸಿತು. ಉಪಾಯ ಸರಿ ಇರಬಹುದು. ಆದರೆ ವೇಗ ತಗ್ಗಿಸಿದ್ದೇವೆ ಎಂದು ಫೋನಿನ ಒಡೆಯರಿಗೆ ತಿಳಿಸಲಿಲ್ಲ. ಫೋನಿಗೆ ಮುಪ್ಪು ಬಂತೆಂದುಕೊಂಡು ಹೊಸದನ್ನು ಕೊಂಡವರುಂಟು. ಬ್ಯಾಟರಿಯೊಂದನ್ನೇ ಬದಲಿಸಿದ್ದರೆ ವೇಗ ಮರಳುತ್ತಿತ್ತು! ಹೊರಗಿನವರು ಪರೀಕ್ಷೆ ಮಾಡಿ ತೋರಿಸಿದ ಮೇಲೆ, ಆ ವರ್ಷದ ಡಿಸೆಂಬರಿನಲ್ಲಿ ಕಂಪನಿ ಒಪ್ಪಿಕೊಂಡು ಕ್ಷಮೆ ಕೇಳಿತು. ಅಮೆರಿಕದಲ್ಲಿ ಬ್ಯಾಟರಿ ಬದಲಿಸುವ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. ಗ್ರಾಹಕರಿಗೆ ತಿಳಿಸದ ತಪ್ಪಿಗೆ 2020ರ ಫೆಬ್ರವರಿಯಲ್ಲಿ ಫ್ರಾನ್ಸ್ ಸರ್ಕಾರ 2.5 ಕೋಟಿ ಯೂರೋ ದಂಡ ಹಾಕಿತು.

ಅದಕ್ಕೂ ಮೊದಲು, 2018ರ ಅಕ್ಟೋಬರಿನಲ್ಲಿ, ಇಟಲಿ ಆಪಲ್‌ಗೆ 1 ಕೋಟಿ ಯೂರೋ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ವಿಧಿಸಿತ್ತು. ಸ್ಯಾಮ್‌ಸಂಗ್ ಮಾಡಿದ ತಪ್ಪೇನು? ಹೊಸ ಫೋನಿಗೆಂದು ಮಾಡಿದ ಆಂಡ್ರಾಯ್ಡನ್ನು ಹಳೆಯ ನೋಟ್ 4 ಇದ್ದವರಿಗೂ ಹಾಕಿಕೊಳ್ಳಿ ಹಾಕಿಕೊಳ್ಳಿ ಎಂದು ಒತ್ತಾಯಿಸಿತು, ಫೋನು ಕೆಟ್ಟಾಗ ದುಬಾರಿ ರಿಪೇರಿ ಕೇಳಿತು. 2025ರ ಜನವರಿಯಲ್ಲಿ ಗೂಗಲ್ ತನ್ನ ಪಿಕ್ಸೆಲ್ 4ಎ ಫೋನುಗಳಿಗೆ ತಾನಾಗಿಯೇ ಇಳಿಯುವ ಅಪ್‌ಡೇಟ್ ಕಳಿಸಿತು. ಎಷ್ಟೋ ಫೋನುಗಳ ಬ್ಯಾಟರಿ ಹಿಡಿಯುವ ಶಕ್ತಿಯೇ ಕುಗ್ಗಿಹೋಯಿತು. ಹಿಂದಿನದಕ್ಕೆ ಮರಳೋಣ ಎಂದರೆ ಹಳೆಯ ಆವೃತ್ತಿಯನ್ನು ಕಂಪನಿ ತನ್ನ ತಾಣದಿಂದಲೇ ತೆಗೆದಿತ್ತು. ಉಚಿತ ಬ್ಯಾಟರಿ ಅಥವಾ ಪರಿಹಾರ ಕೊಡುತ್ತೇವೆ ಎಂದಿತು, ನಿಜ. ಆದರೆ ಮೊದಲೇ ಕೇಳಿದವರು ಯಾರು? ಕರಡಿಗೆ ಸಹಿ ಹಾಕಿದವರು ಯಾರು?

ಅದೇ 2025ರ ಜನವರಿಯಲ್ಲಿ ನಮ್ಮ ದೇಶದಲ್ಲೂ ಒಂದು ಹೆಜ್ಜೆ ಬಿತ್ತು. ಐಓಎಸ್ 18 ಹಾಕಿಕೊಂಡ ಮೇಲೆ ಐಫೋನು ಸರಿಯಾಗಿ ನಡೆಯುತ್ತಿಲ್ಲ ಎಂಬ ದೂರುಗಳು ಗ್ರಾಹಕ ಸಹಾಯವಾಣಿಗೆ ಬಂದಿದ್ದವು. ಆಪಲ್‌ಗೆ ನೋಟಿಸ್ ಕೊಡಲಾಗಿದೆ ಎಂದು ನಮ್ಮವರೇ ಆದ ಕೇಂದ್ರ ಗ್ರಾಹಕ ವ್ಯವಹಾರ ಸಚಿವ ಪ್ರಲ್ಹಾದ ಜೋಶಿ ಆಗ ತಿಳಿಸಿದರು. ಇದರಿಂದ ಒಂದು ಮಾತು ಗೊತ್ತಾಗುತ್ತದೆ. ಜನ ದೂರು ಕೊಟ್ಟರೆ ನೋಟಿಸ್ ಹೊರಡುತ್ತದೆ. ಸುಮ್ಮನೆ ಗೊಣಗಿದರೆ ಹೊರಡುವುದಿಲ್ಲ.

ಈಗ ನಮ್ಮ ಭಾಷೆಯ ವಿಷಯಕ್ಕೆ ಬನ್ನಿ.

2018ರ ಫೆಬ್ರವರಿ. ತೆಲುಗಿನ ಒಂದೇ ಒಂದು ಅಕ್ಷರದ ಸಂದೇಶ ಬಂದರೆ ಸಾಕು, ಐಫೋನಿನ ಸಂದೇಶದ ಆ್ಯಪು ತೆರೆಯದಂತೆ ಕುಸಿದು ಬೀಳುತ್ತಿತ್ತು. ಯಾವ ಅಕ್ಷರ ಗೊತ್ತೇ? 'ಜ್ಞಾ'! ಜ್ಞಾನದ ಮೊದಲ ಅಕ್ಷರ! ಕಂಪನಿ ಫೆಬ್ರವರಿ 19ರಂದು 11.2.6 ಎಂಬ ಹೊಸ ಅಪ್‌ಡೇಟ್ ಬಿಟ್ಟು ಸರಿಮಾಡಿತು. ಆದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ವ್ಯಂಜನಕ್ಕೆ ಒತ್ತು, ಒತ್ತಿನ ಮೇಲೆ ಸ್ವರ ಕೂರುವುದು ತೆಲುಗಿಗೂ ಕನ್ನಡಕ್ಕೂ ಒಂದೇ ಬಗೆ. ಮೊಳೆ ಜೋಡಿಸುವ ಕಾಲದಲ್ಲಿ ಒತ್ತಕ್ಷರದ ಗೂಡುಗಳಲ್ಲಿ ಕೈಯಾಡಿಸಿದ ನನಗೆ ಆ ಕಷ್ಟ ಗೊತ್ತು. ಇಂಗ್ಲಿಷಿನ ಒಂದು ಮಾಮೂಲಿ ಅಕ್ಷರ ಫೋನನ್ನು ಹೀಗೆ ಕೆಡವುವಂತಿದ್ದರೆ ಆ ಅಪ್‌ಡೇಟ್ ಕಂಪನಿಯ ಬಾಗಿಲು ದಾಟುತ್ತಿತ್ತೇ? ನಮ್ಮ ಲಿಪಿಗಳ ಕರಡನ್ನು ಅಲ್ಲಿ ಯಾರೂ ಗಮನವಿಟ್ಟು ಓದಲಿಲ್ಲ. ಕೋಟಿ ಕೋಟಿ ಗಿರಾಕಿಗಳನ್ನೇ ಸಂಬಳವಿಲ್ಲದ ಪ್ರೂಫ್ ರೀಡರ್ ಮಾಡಿಕೊಂಡರು!

ಹಾಗೆಂದು ನಾನು ಅಪ್‌ಡೇಟಿನ ಶತ್ರು ಅಲ್ಲ. ಸತ್ಯ ಹೇಳಬೇಕು. 2012ರ ಆಂಡ್ರಾಯ್ಡ್ 4.1 ಕನ್ನಡ ಅಕ್ಷರಗಳನ್ನು ತಂದಿತು. 2014ರ ಆಂಡ್ರಾಯ್ಡ್ 5.0 ಇಡೀ ಫೋನಿನ ಭಾಷೆಯಾಗಿ ಕನ್ನಡವನ್ನು ತಂದಿತು. 2017ರ ಐಓಎಸ್ 11 ಐಫೋನಿಗೆ ಕನ್ನಡ ಕೀಲಿಮಣೆ ಕೊಟ್ಟಿತು. ಇವೆಲ್ಲ ಬಂದದ್ದು ಅಪ್‌ಡೇಟಿನ ದಾರಿಯಲ್ಲೇ. ಕಳ್ಳರ ಕಾಟವೂ ಸುಳ್ಳಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪೀಡೆ ಜಗತ್ತಿನ ಕಂಪ್ಯೂಟರುಗಳಿಗೆ ಬೀಗ ಹಾಕಿ ಹಣ ಕೇಳಿತು, ಬ್ರಿಟನ್ನಿನ ಆಸ್ಪತ್ರೆಗಳೂ ನಲುಗಿದವು. ಅದಕ್ಕೆ ಮದ್ದನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಬಿಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಆದ್ದರಿಂದ ಅಪ್‌ಡೇಟ್ ಬೇಡ ಎಂದು ಕೂರುವುದು ಜಾಣತನವಲ್ಲ. ಬೇಡ ಎಂದರೂ ಬಿಡುವುದಿಲ್ಲ: 2023ರ ಅಕ್ಟೋಬರಿನಿಂದ ಆಂಡ್ರಾಯ್ಡ್ 5ಕ್ಕಿಂತ ಹಳೆಯ ಫೋನುಗಳಿಗೆ ವಾಟ್ಸಾಪ್ ಬಾಗಿಲು ಹಾಕಿತು. ಸರಿಯಾಗಿ ಕೆಲಸ ಮಾಡುತ್ತಿದ್ದ ಫೋನುಗಳು ಅಂದಿನಿಂದ ಅರ್ಧ ಬದುಕಿದಂತಾದವು.

ಅಪ್‌ಡೇಟ್ ಬರಲಿ. ಆದರೆ ಕರಡು ತೋರಿಸಿ ಬರಲಿ. ನಮ್ಮ ಬೇಡಿಕೆಗಳು ಇಷ್ಟು:

ಒಂದು, ಏನು ಬದಲಾಗುತ್ತದೆ, ಯಾವ ಅಪಾಯವಿದೆ ಎಂಬುದನ್ನು ಗುಂಡಿ ಒತ್ತುವ ಮೊದಲೇ ಕನ್ನಡದಲ್ಲಿ ಹೇಳಬೇಕು. ಗುಂಡಿ ಮಾತ್ರ ಕನ್ನಡ, ಷರತ್ತೆಲ್ಲ ಇಂಗ್ಲಿಷ್ ಎಂಬುದು ಒಪ್ಪಿಗೆಯಲ್ಲ, ಮೋಸ! ಎರಡು, ಸರಿಬರದಿದ್ದರೆ ಹಿಂದಿನ ಆವೃತ್ತಿಗೆ ಮರಳುವ ದಾರಿ ಕೆಲವು ದಿನವಾದರೂ ತೆರೆದಿರಬೇಕು. ಮೂರು, ಅಪ್‌ಡೇಟಿನಿಂದಲೇ ಕೆಟ್ಟ ಫೋನನ್ನು ವಾರಂಟಿ ಮುಗಿದಿದ್ದರೂ ಉಚಿತವಾಗಿ ಸರಿಮಾಡಿಕೊಡಬೇಕು. ನಾಲ್ಕು, ಎಷ್ಟು ವರ್ಷ ಸುರಕ್ಷತೆಯ ಅಪ್‌ಡೇಟ್ ಕೊಡುತ್ತೀರಿ ಎಂಬುದನ್ನು ಡಬ್ಬಿಯ ಮೇಲೆ ಬೆಲೆಯ ಪಕ್ಕದಲ್ಲೇ ಅಚ್ಚು ಹಾಕಬೇಕು. ಐದು, ಕನ್ನಡದ ಒತ್ತಕ್ಷರ, ಕೀಲಿಮಣೆ ಎಲ್ಲವನ್ನೂ ಪರೀಕ್ಷಿಸಿದ ಮೇಲೆಯೇ ಕರ್ನಾಟಕದ ಫೋನುಗಳಿಗೆ ಬಿಡಬೇಕು.

ಇದೆಲ್ಲ ಆಗದ ಮಾತು ಎನ್ನುವವರು ಯುರೋಪಿನತ್ತ ನೋಡಲಿ. ಅಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಜಾರಿಯಲ್ಲಿದೆ. ಒಂದು ಮಾದರಿಯ ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಕೊಡಬೇಕು, 7 ವರ್ಷ ಬಿಡಿಭಾಗ ಸಿಗುವಂತಿರಬೇಕು. ಅವರ ಯೂರೋ ದುಡ್ಡು, ನಮ್ಮ ರೂಪಾಯಿ ಬರೀ ಕಾಗದವೇ?

ಅಲ್ಲಿಯವರೆಗೆ ನೀವು ಮಾಡಬೇಕಾದ್ದೂ ಇದೆ. ಅಪ್‌ಡೇಟ್ ಒತ್ತುವ ಮೊದಲು ಫೋಟೋ, ನಂಬರು, ಸಂದೇಶಗಳ ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳಿ. ನಾನು ಇಟ್ಟಿರಲಿಲ್ಲ, ಅಜ್ಜ ನನ್ನ ಮುಂದೆ ಕೂತಿದ್ದರು! ಸುರಕ್ಷತೆಯ ಸಣ್ಣ ಅಪ್‌ಡೇಟ್ ತಡಮಾಡಬೇಡಿ. ಇಡೀ ಆವೃತ್ತಿಯೇ ಬದಲಾಗುವ ದೊಡ್ಡದಾದರೆ ಒಂದೆರಡು ವಾರ ಕಾದು, ಹಾಕಿಕೊಂಡವರನ್ನು ಕೇಳಿ. ಕೆಲಸದ ಹಿಂದಿನ ರಾತ್ರಿ, ಪರೀಕ್ಷೆಯ ಹಿಂದಿನ ರಾತ್ರಿ ಬೇಡವೇ ಬೇಡ. ಯಾರೋ ಸಂದೇಶದಲ್ಲಿ ಕಳಿಸಿದ ಲಿಂಕಿನಿಂದ ಅಪ್‌ಡೇಟ್ ಹಾಕಬೇಡಿ, ಫೋನಿನ ಸೆಟ್ಟಿಂಗ್ಸಿನಿಂದಲೇ ಹಾಕಿ.

ಕೆಟ್ಟರೆ ಸುಮ್ಮನಿರಬೇಡಿ. ಬಿಲ್ಲು, ಕೆಟ್ಟ ದಿನಾಂಕ, ಸರ್ವಿಸ್ ಸೆಂಟರಿನ ಚೀಟಿ ಇಟ್ಟುಕೊಂಡು 1915ಕ್ಕೆ ಫೋನು ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಿ. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯ್ದೆಯಂತೆ ನೀವು ವಾಸಿಸುವ ಊರಿನಲ್ಲೇ ದೂರು ಕೊಡಬಹುದು, ಕೆಟ್ಟ ಎರಡು ವರ್ಷದೊಳಗೆ ಕೊಡಬೇಕು. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವೇ ಇಲ್ಲ. ನಾನು 1915ಕ್ಕೆ ದೂರು ಕೊಟ್ಟಾಗಿದೆ, ಚೀಟಿಗಳೆಲ್ಲ ಮೇಜಿನ ಡ್ರಾಯರಿನಲ್ಲಿವೆ. ಇತ್ಯರ್ಥವಾಗದಿದ್ದರೆ ಆಯೋಗದ ಮೆಟ್ಟಿಲು ಹತ್ತುವುದೇ ಸೈ.

ಗೆಳೆಯರೇ, ನಾಮಫಲಕದಲ್ಲಿ ಕನ್ನಡ ಕೇಳಿದಿರಿ, ಬ್ಯಾಂಕಿನಲ್ಲಿ ಕನ್ನಡ ಕೇಳಿದಿರಿ. ದಿನಕ್ಕೆ ನೂರು ಸಲ ನೋಡುವ ಆ ಅಂಗೈ ಅಗಲದ ಫಲಕದಲ್ಲಿ ಕೇಳಲು ಸಂಕೋಚವೇಕೆ? ಅದು ನಿಮ್ಮ ದುಡ್ಡಿನ ವಸ್ತು. ಅದರಲ್ಲಿ ಏನು ಅಚ್ಚಾಗಬೇಕು ಎಂಬ ಕರಡಿಗೆ ಸಹಿ ನಿಮ್ಮದಿರಲಿ, ಓದಿ ಹಾಕಿದ ಸಹಿಯಾಗಿರಲಿ.

ಸಿರಿಗನ್ನಡಂ ಗೆಲ್ಗೆ!