ಒಂಟಿ ಮಹಿಳೆಗೊಂದು ಹಾಸಿಗೆ: ವಸತಿ ಉದ್ಯಮದ ಸದಸ್ಯರಲ್ಲಿ ಒಂದು ನಿವೇದನೆ

ರಾಜ್ಯ ಸರ್ಕಾರವು 2023ರ ಜೂನ್ 11ರಂದು ಶಕ್ತಿ ಯೋಜನೆಯನ್ನು ಜಾರಿಗೊಳಿಸಿದ ನಂತರ ಮಹಿಳೆಯರು ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಒಂದು ತುದಿಯಿಂದ ಮತ್ತೊಂದು ತುದಿಗೆ ಟಿಕೆಟಿನ ಹಣವಿಲ್ಲದೆ ಪ್ರಯಾಣಿಸುತ್ತಿದ್ದಾರೆ. ಇದರಿಂದ ಬೊಕ್ಕಸಕ್ಕಾಗುವ ಹೊರೆಯ ಬಗ್ಗೆಯೂ ಯಾತ್ರಾಸ್ಥಳಗಳ ವ್ಯಾಪಾರದ ಬಗ್ಗೆಯೂ ನಮ್ಮ ಸದಸ್ಯರಲ್ಲಿ ಸಾಕಷ್ಟು ಚರ್ಚೆಯಾಗಿದೆ. ಆದರೆ ಬಸ್ಸಿನಿಂದಿಳಿದ ಮಹಿಳೆ, ಅದರಲ್ಲೂ ಒಬ್ಬಳೇ ಬಂದವಳು, ಆ ರಾತ್ರಿ ಎಲ್ಲಿ ಮಲಗಬೇಕು ಎಂಬ ಪ್ರಶ್ನೆ ನಮ್ಮ ಸಭೆಗಳಲ್ಲಿ ಪ್ರಸ್ತಾಪವಾದುದನ್ನು ನಾನು ಕೇಳಿಲ್ಲ.

2024ರ ಜನವರಿಯಲ್ಲಿ ಬಾಕಿ ವಸೂಲಿಗೆಂದು ಒಂದು ಜಿಲ್ಲಾ ಕೇಂದ್ರಕ್ಕೆ ಹೋಗಿದ್ದೆ. ಗ್ರಾಹಕರೊಂದಿಗಿನ ಮಾತುಕತೆ ಮುಗಿಯುವಷ್ಟರಲ್ಲಿ ರಾತ್ರಿ ಹತ್ತು ಗಂಟೆಯಾಗಿತ್ತು. ಬಸ್ ನಿಲ್ದಾಣದ ಸುತ್ತಲಿನ ಮೂರು ವಸತಿಗೃಹಗಳಲ್ಲಿ ವಿಚಾರಿಸಿದೆ. ಮೊದಲನೆಯದರಲ್ಲಿ ಕೊಠಡಿ ಖಾಲಿಯಿಲ್ಲವೆಂದರು. ಗೋಡೆಯ ಮೇಲೆ ಕೀಲಿಕೈಗಳು ಸಾಲಾಗಿ ತೂಗುತ್ತಿದ್ದವು. ಎರಡನೆಯದರಲ್ಲಿ ಯಜಮಾನರೆಲ್ಲಿ ಎಂದು ಕೇಳಿದರು. ಮೂರನೆಯವರು ಒರಟರಲ್ಲ. ಒಂಟಿ ಹೆಂಗಸರಿಗೆ ಕೊಡುವ ಪದ್ಧತಿ ಇಲ್ಲ ತಾಯಿ ಎಂದು ಕೈಮುಗಿದರು. ಜಿ.ಎಸ್.ಟಿ. ನೋಂದಣಿ ಪತ್ರ, ಆಧಾರ್, ಈ ಸಂಸ್ಥೆಯ ಸದಸ್ಯತ್ವದ ಗುರುತಿನ ಚೀಟಿ ಎಲ್ಲವೂ ನನ್ನ ಬಳಿ ಇದ್ದವು. ನಿಲ್ದಾಣದ ಮಹಿಳಾ ನಿರೀಕ್ಷಣಾ ಕೊಠಡಿಯಲ್ಲಿ ಕುಳಿತು ಬೆಳಗಿನ ಐದೂವರೆಯ ಬಸ್ಸಿಗೆ ಹುಬ್ಬಳ್ಳಿಗೆ ಮರಳಿದೆ. ನಿರ್ವಾಹಕರು ಕೊಟ್ಟ ಶೂನ್ಯ ಮೊತ್ತದ ಟಿಕೆಟ್ ಇನ್ನೂ ನನ್ನಲ್ಲಿದೆ.

ಆಗ ನನಗೆ ನೆನಪಾದದ್ದು ಬಾರ್ಸಿಲೋನಾ. ಜವಳಿ ಯಂತ್ರೋಪಕರಣಗಳ ಅಂತಾರಾಷ್ಟ್ರೀಯ ಪ್ರದರ್ಶನವಾದ ಇಟ್ಮಾ 2019ರ ಜೂನ್ ತಿಂಗಳಲ್ಲಿ ಆ ನಗರದಲ್ಲಿ ನಡೆಯಿತು. ಪ್ರದರ್ಶನದ ವಾರದಲ್ಲಿ ಹೋಟೆಲ್ ದರಗಳು ನನ್ನಂತಹ ಸಣ್ಣ ಉದ್ಯಮಿಯ ಕೈಗೆಟುಕುವಂತಿರಲಿಲ್ಲ. ಹೀಗಾಗಿ ಒಂದು ಹಾಸ್ಟೆಲಿನಲ್ಲಿ ಎಂಟು ಹಾಸಿಗೆಗಳ ಮಹಿಳಾ ಕೊಠಡಿಯಲ್ಲಿ ಒಂದು ಹಾಸಿಗೆಯನ್ನು ಕಾಯ್ದಿರಿಸಿದೆ. ನಮ್ಮಲ್ಲಿ ಹಾಸ್ಟೆಲ್ ಎಂದೊಡನೆ ವಿದ್ಯಾರ್ಥಿನಿಲಯವೇ ಕಣ್ಮುಂದೆ ಬರುತ್ತದೆ, ಇದು ಹಾಗಲ್ಲ. ಇದನ್ನು ಹಣ ಪಡೆಯುವ ಛತ್ರವೆನ್ನಬಹುದು. ರಿಚರ್ಡ್ ಶಿರ್ಮಾನ್ ಎಂಬ ಜರ್ಮನ್ ಶಾಲಾ ಶಿಕ್ಷಕರು 1912ರಲ್ಲಿ ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಆರಂಭಿಸಿದ ಯುವ ವಸತಿಯೇ ಈ ವ್ಯವಸ್ಥೆಯ ಮೂಲ. ಕೊಠಡಿಯ ಬದಲು ಹಾಸಿಗೆಯನ್ನು ಮಾರುವುದು ಇದರ ವಾಣಿಜ್ಯ ತತ್ವ.

ರಾತ್ರಿ ಹನ್ನೊಂದರ ಮೇಲೆ ತಲುಪಿದೆ. ಪಾಸ್‌ಪೋರ್ಟ್ ನೋಡಿದರು, ವಿವರ ಬರೆದುಕೊಂಡರು, ಕತಲಾನ್ ಸರ್ಕಾರ ತಲೆಗೆ ಇಷ್ಟೆಂದು ವಿಧಿಸುವ ಪ್ರವಾಸಿ ತೆರಿಗೆ ಪಡೆದರು, ಬೀಗವಿರುವ ಪೆಟ್ಟಿಗೆಯ ಸಂಖ್ಯೆ ಹೇಳಿದರು. ಅಲ್ಲಿಗೆ ಮುಗಿಯಿತು. ಅತಿಥಿಗಳ ವಿವರವನ್ನು ಪೊಲೀಸರಿಗೆ ಸಲ್ಲಿಸಬೇಕೆಂಬ ನಿಯಮ ಸ್ಪೇನಿನಲ್ಲಿಯೂ ಇದೆ. ಪೊಲೀಸರ ಕಾಟ ನಮ್ಮಲ್ಲಿ ಮಾತ್ರ ಎಂದು ಭಾವಿಸಿರುವ ಸದಸ್ಯರು ಇದನ್ನು ಗಮನಿಸಬೇಕು. ಹಾಸಿಗೆಗೆ ಪರದೆ, ತಲೆಯ ಬಳಿ ಸಣ್ಣ ದೀಪ, ಹಗಲಿರುಳು ತೆರೆದಿರುವ ಸ್ವಾಗತಕಟ್ಟೆ. ನಾನು ವಿವಾಹಿತೆಯೇ, ಏಕೆ ಬಂದೆ, ಜೊತೆಗಾರರು ಯಾರು ಎಂದು ಒಬ್ಬರೂ ಕೇಳಲಿಲ್ಲ.

ಈ ಕೇಳದಿರುವಿಕೆಯ ಬೆಲೆ ನನಗೆ ಇತರರಿಗಿಂತ ಹೆಚ್ಚು ತಿಳಿದಿದೆ. ಏಕೆಂದರೆ ನಾನು ಸ್ತ್ರೀಯನ್ನು ಪ್ರೀತಿಸುವ ಸ್ತ್ರೀ. ವೃತ್ತಪತ್ರಿಕೆಗಳು ಲೈಂಗಿಕ ಅಲ್ಪಸಂಖ್ಯಾತರು ಎಂದೂ ಇಂದಿನ ತರುಣರು ಕ್ವಿಯರ್ ಎಂದೂ ಕರೆಯುವ ವರ್ಗಕ್ಕೆ ಸೇರಿದವಳು. ವಾಣಿಜ್ಯ ಪತ್ರಿಕೆಯಲ್ಲಿ ಇದನ್ನು ಬರೆಯಬೇಕೇ ಎಂದು ಬಹುಕಾಲ ಹಿಂಜರಿದೆ. ಬರೆಯದಿದ್ದರೆ ಮುಂದಿನ ಮಾತು ಅರ್ಧಸತ್ಯವಾಗುತ್ತದೆ.

ಪರದೇಶವೆಲ್ಲ ಉದಾರವೆಂದು ಹೊಗಳುವುದು ನನ್ನ ಉದ್ದೇಶವಲ್ಲ. ಅದೇ ಹಾಸ್ಟೆಲಿನ ಅಡುಗೆಮನೆಯಲ್ಲಿ ನಾನು ನನ್ನ ಪಾತ್ರೆ ತೊಳೆಯುತ್ತಿದ್ದಾಗ ಒಬ್ಬ ತರುಣಿ ತನ್ನ ಎಂಜಲು ತಟ್ಟೆಯನ್ನು ನನ್ನ ಪಕ್ಕದಲ್ಲಿಟ್ಟು ನಗುತ್ತಾ ವಂದಿಸಿ ಹೊರಟುಹೋದಳು. ಕಂದುಬಣ್ಣದ ಹೆಂಗಸು ಪಾತ್ರೆ ತೊಳೆಯುತ್ತಿದ್ದರೆ ಆಕೆ ಕೆಲಸದವಳೇ ಇರಬೇಕೆಂಬ ಅವಳ ಲೆಕ್ಕದಲ್ಲಿ ದುರುದ್ದೇಶವೇನೂ ಇರಲಿಲ್ಲ. ಮರುದಿನ ಕೊಠಡಿಯಲ್ಲಿ ಯಾರದೋ ಹಣ ಕಾಣೆಯಾದಾಗ ನೋಟಗಳು ಮೊದಲು ತಿರುಗಿದ್ದು ನನ್ನ ಹಾಸಿಗೆಯ ಕಡೆಗೆ. ಸ್ವಾಗತಕಟ್ಟೆಯ ಸಿಬ್ಬಂದಿ ಬಂದು, ಯಾರನ್ನೂ ಪ್ರತ್ಯೇಕಿಸದೆ, ಎಂಟೂ ಜನರಿಗೆ ಒಂದೇ ಪ್ರಶ್ನೆ ಕೇಳಿ, ಎಂಟೂ ಜನರಿಗೆ ಪೆಟ್ಟಿಗೆಯ ನಿಯಮವನ್ನು ಮತ್ತೊಮ್ಮೆ ಓದಿ ಹೇಳಿದರು. ಹಣ ಆಕೆಯ ಕೋಟಿನ ಜೇಬಿನಲ್ಲಿಯೇ ಸಿಕ್ಕಿತು. ಸ್ತ್ರೀಯನ್ನು ಪ್ರೀತಿಸುವವಳೆಂಬುದನ್ನು ನಾನು ಮುಚ್ಚಿಡಬಲ್ಲೆ, ಮೈಬಣ್ಣವನ್ನು ಮುಚ್ಚಿಡಲಾಗದು. ಆ ರಾತ್ರಿ ನನ್ನನ್ನು ಕಾಪಾಡಿದ್ದು ಕೊಠಡಿಯವರ ಔದಾರ್ಯವಲ್ಲ, ಎಲ್ಲರಿಗೂ ಒಂದೇ ಆಗಿದ್ದ ಲಿಖಿತ ನಿಯಮ.

ಮೈಬಣ್ಣದ ಕಾರಣಕ್ಕೆ ಹಾಸಿಗೆಯನ್ನೇ ನಿರಾಕರಿಸಿದ ಕಾಲವೊಂದಿತ್ತು. ಅಮೆರಿಕದಲ್ಲಿ ಅದರ ಇತಿಹಾಸವನ್ನು ವಾಣಿಜ್ಯ ಕ್ಷೇತ್ರದವರು ಅವಶ್ಯವಾಗಿ ಓದಬೇಕು. ನ್ಯೂಯಾರ್ಕಿನ ಹಾರ್ಲೆಮ್ ಪ್ರದೇಶದ ಅಂಚೆ ನೌಕರರಾದ ವಿಕ್ಟರ್ ಗ್ರೀನ್ ಎಂಬುವರು 1936ರಿಂದ ಕಪ್ಪು ಜನಾಂಗದ ಪ್ರಯಾಣಿಕರಿಗಾಗಿ ಒಂದು ಮಾರ್ಗದರ್ಶಿಯನ್ನು ಹೊರತಂದರು. ಯಾವ ಊರಿನಲ್ಲಿ ಯಾವ ಮನೆಯವರು, ಯಾವ ಹೋಟೆಲಿನವರು ತಮ್ಮನ್ನು ಒಳಗೆ ಬಿಡುತ್ತಾರೆ ಎಂಬ ಪಟ್ಟಿ ಅದು. ಎಸ್ಸೋ ಪೆಟ್ರೋಲ್ ಬಂಕುಗಳಲ್ಲಿಯೂ ದೊರೆಯುತ್ತಿದ್ದ ಈ ಗ್ರೀನ್ ಬುಕ್ 1960ರ ದಶಕದ ಮಧ್ಯದವರೆಗೂ ಪ್ರಕಟವಾಯಿತು. 1964ರ ಜುಲೈನಲ್ಲಿ ನಾಗರಿಕ ಹಕ್ಕುಗಳ ಕಾಯಿದೆ ಬಂದೊಡನೆ ಅಟ್ಲಾಂಟಾ ನಗರದ 216 ಕೊಠಡಿಗಳ ಒಂದು ಮೋಟೆಲಿನ ಮಾಲೀಕರು, ಗ್ರಾಹಕರನ್ನು ಆರಿಸಿಕೊಳ್ಳುವ ಹಕ್ಕು ತಮ್ಮದೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅವರ ವಾದವನ್ನು ತಳ್ಳಿಹಾಕಿತು. ಆ ಮೋಟೆಲಿನ ಸುಮಾರು ಮುಕ್ಕಾಲು ಪಾಲು ಅತಿಥಿಗಳು ಹೊರ ರಾಜ್ಯಗಳವರು. ಹಾಸಿಗೆ ಸಿಗದೆಂಬ ಭಯದಿಂದ ಜನ ಪ್ರಯಾಣ ಕೈಬಿಟ್ಟರೆ ಅಂತರರಾಜ್ಯ ವಾಣಿಜ್ಯಕ್ಕೇ ತಡೆಯಾಗುತ್ತದೆ ಎಂಬುದು ತೀರ್ಪಿನ ಆಧಾರವಾಗಿತ್ತು. ಕರುಣೆಯ ಮಾತನ್ನಲ್ಲ, ವಾಣಿಜ್ಯದ ಮಾತನ್ನೇ ನ್ಯಾಯಾಲಯ ಆಶ್ರಯಿಸಿತು. ವಸತಿಗೃಹಗಳಿಗೆ ಸಂಬಂಧಿಸಿದ ಆ ಕಾಯಿದೆಯ ಅಧ್ಯಾಯದಲ್ಲಿ ಜನಾಂಗ, ಬಣ್ಣ, ಧರ್ಮ, ರಾಷ್ಟ್ರಮೂಲಗಳಿದ್ದವೇ ಹೊರತು ಸ್ತ್ರೀ ಪುರುಷ ಭೇದದ ಉಲ್ಲೇಖವಿರಲಿಲ್ಲ ಎಂಬುದೂ ಗಮನಾರ್ಹ.

ನಮ್ಮ ಸಂವಿಧಾನ ಈ ವಿಷಯದಲ್ಲಿ ಅವರಿಗಿಂತ ಮುಂದಿದೆ. ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳದ ಕಾರಣಕ್ಕೆ ಅಂಗಡಿ, ಉಪಾಹಾರಗೃಹ, ಹೋಟೆಲುಗಳ ಪ್ರವೇಶವನ್ನು ಯಾರಿಗೂ ನಿರ್ಬಂಧಿಸಬಾರದೆಂದು 15ನೇ ವಿಧಿಯ ಎರಡನೇ ಉಪವಿಧಿ ಹೇಳುತ್ತದೆ. ಆ ‘ಲಿಂಗ’ ಎಂಬ ಪದದಲ್ಲಿ ಲೈಂಗಿಕ ಒಲವೂ ಸೇರುತ್ತದೆಂಬ ವ್ಯಾಖ್ಯಾನ 2018ರ ಸೆಪ್ಟೆಂಬರ್ 6ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಲ್ಲಿದೆ. ಕಾಗದದ ಮೇಲೆ ಕೊರತೆಯಿಲ್ಲ.

ಇಲ್ಲಿ ಒಂದು ವಿನೋದವನ್ನು ಹೇಳದಿರಲಾರೆ. ನಾನೂ ನನ್ನ ಸಂಗಾತಿಯೂ ಒಟ್ಟಿಗೆ ಹೋದಾಗ ಯಾವ ವಸತಿಗೃಹದವರೂ ನಮ್ಮನ್ನು ತಡೆದಿಲ್ಲ. ಅಕ್ಕತಂಗಿಯರೇ ಎಂದು ಕೇಳಿ, ಉತ್ತರಕ್ಕೂ ಕಾಯದೆ ಹಾಗೆಯೇ ಬರೆದುಕೊಳ್ಳುತ್ತಾರೆ. ಹೀಗಾಗಿ ಅವರು ಯಾರನ್ನು ಹೊರಗಿಡಬೇಕೆಂದು ಭಾವಿಸುತ್ತಾರೋ ಅವರು ಒಳಗಿರುತ್ತಾರೆ. ವಸೂಲಿಗೆ ಬಂದ ಒಂಟಿ ವ್ಯಾಪಾರಿ ನಿಲ್ದಾಣದಲ್ಲಿ ಕುಳಿತಿರುತ್ತಾಳೆ. ಆದರೆ ನೋಂದಣಿ ಪುಸ್ತಕದ ಆ ಸುಳ್ಳು ನಮ್ಮಿಬ್ಬರನ್ನೂ ಪ್ರತಿ ಬಾರಿ ಚುಚ್ಚುತ್ತದೆ. ದೊಡ್ಡ ಹೋಟೆಲ್ ಜಾಲವಾದ ಓಯೋ 2025ರ ಜನವರಿಯಲ್ಲಿ ಮೇರಠ್‌ನಲ್ಲಿ, ಜೋಡಿಯಾಗಿ ಬರುವವರಿಂದ ಸಂಬಂಧದ ಪುರಾವೆ ಕೇಳುವ ನಿಯಮ ತಂದಾಗ ನಾವು ಪರಸ್ಪರ ಮುಖ ನೋಡಿಕೊಂಡೆವು. ನಮ್ಮಂತಹವರ ವಿವಾಹಕ್ಕೆ ಮಾನ್ಯತೆ ನೀಡಲು ಸರ್ವೋಚ್ಚ ನ್ಯಾಯಾಲಯ 2023ರ ಅಕ್ಟೋಬರ್ 17ರಂದು ನಿರಾಕರಿಸಿದೆ. ಯಾವ ಪುರಾವೆ ತರೋಣ?

ವಸತಿಗೃಹದ ಮಾಲೀಕರ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಒಂಟಿಯಾಗಿ ಬಂದವರು ಆತ್ಮಹತ್ಯೆ ಮಾಡಿಕೊಂಡರೆ ಠಾಣೆಗೆ ಅಲೆಯುವವರು ಮಾಲೀಕರೇ. ದಾಳಿಯಾದರೆ ಪತ್ರಿಕೆಯಲ್ಲಿ ಬರುವುದು ಅವರ ಫಲಕದ ಹೆಸರೇ. 2025ರ ಮಾರ್ಚ್‌ನಲ್ಲಿ ಕೊಪ್ಪಳ ಜಿಲ್ಲೆಯ ಸಣಾಪುರದಲ್ಲಿ ವಿದೇಶಿ ಪ್ರವಾಸಿ ಮಹಿಳೆಯ ಮೇಲೂ ಹೋಂಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೂ ನಡೆದ ಅತ್ಯಾಚಾರ, ಜೊತೆಗಿದ್ದ ಪ್ರವಾಸಿಯೊಬ್ಬನ ಸಾವು ಎಲ್ಲರನ್ನೂ ನಡುಗಿಸಿದವು. ಆದರೆ ಬಾಗಿಲು ಮುಚ್ಚಿದ ಮಾತ್ರಕ್ಕೆ ಮಹಿಳೆ ಪ್ರಯಾಣ ನಿಲ್ಲಿಸುವುದಿಲ್ಲ. ಆಕೆ ನಿಲ್ದಾಣದ ಬೆಂಚಿಗೆ ಹೋಗುತ್ತಾಳೆ. ಅಲ್ಲಿ ನೋಂದಣಿ ಪುಸ್ತಕವೂ ಇಲ್ಲ, ಬೀಗವೂ ಇಲ್ಲ.

ಲೆಕ್ಕವನ್ನಾದರೂ ನೋಡೋಣ. ನಾಲ್ಕು ಜೋಡಿ ಕೊಠಡಿಗಳನ್ನು ದಿನಕ್ಕೆ 1,000 ರೂಪಾಯಿಯಂತೆ ಕೊಟ್ಟರೆ, ಎಲ್ಲವೂ ತುಂಬಿದ ದಿನ 4,000 ರೂಪಾಯಿ. ಅದೇ ಜಾಗದಲ್ಲಿ ಹದಿನಾರು ಹಾಸಿಗೆಗಳನ್ನು ಹಾಕಿ ತಲಾ 500 ರೂಪಾಯಿ ಇಟ್ಟರೆ, ಅರ್ಧ ತುಂಬಿದ ದಿನವೂ ಅಷ್ಟೇ ಹಣ ಬರುತ್ತದೆ. ಸ್ನಾನಗೃಹ, ಬೀಗದ ಪೆಟ್ಟಿಗೆ, ರಾತ್ರಿ ಪಾಳಿಯ ಮಹಿಳಾ ಸಿಬ್ಬಂದಿಯ ಖರ್ಚು ಹೆಚ್ಚಾಗುವುದು ನಿಜ. ಅದನ್ನು ಕಳೆದೇ ಲೆಕ್ಕ ಹಾಕಬೇಕು. ದಿನಕ್ಕೆ 7,500 ರೂಪಾಯಿವರೆಗಿನ ವಾಸ್ತವ್ಯದ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಹೂಡುವಳಿ ತೆರಿಗೆಯ ಜಮೆ ದೊರೆಯದೆಂಬುದನ್ನು ಮಾತ್ರ ಮರೆಯಬಾರದು. 2013ರಲ್ಲಿ ಆರಂಭವಾದ ಜೋಸ್ಟೆಲ್‌ನಂತಹ ಸಂಸ್ಥೆಗಳು ಪ್ರವಾಸಿ ತಾಣಗಳಲ್ಲಿ ಈ ವ್ಯವಹಾರ ನಡೆಸುತ್ತಿವೆ. ನಾನು ಹೇಳುತ್ತಿರುವುದು ಪ್ರವಾಸಿಗರು ಬರುವ ಹಂಪಿ, ಗೋಕರ್ಣಗಳ ಮಾತಲ್ಲ. ಪರೀಕ್ಷೆಗೆ, ಸಂದರ್ಶನಕ್ಕೆ, ಆಸ್ಪತ್ರೆಗೆ, ವಸೂಲಿಗೆ ಮಹಿಳೆಯರು ಒಬ್ಬರೇ ಬರುವ ಜಿಲ್ಲಾ ಕೇಂದ್ರಗಳ ಮಾತು.

ನಮ್ಮ ಪ್ರವಾಸೋದ್ಯಮ ಉಪಸಮಿತಿಯು ಮುಂದಿನ ಸಭೆಯಲ್ಲಿ ಈ ವಿಷಯವನ್ನು ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ. ಸದಸ್ಯ ವಸತಿಗೃಹಗಳ ಸ್ವಾಗತಕಟ್ಟೆಯಲ್ಲಿ ಹಾಕಬಹುದಾದ ಫಲಕದ ಕರಡನ್ನು ಕಾರ್ಯಾಲಯಕ್ಕೆ ಸಲ್ಲಿಸಿದ್ದೇನೆ. ಅದರಲ್ಲಿರುವುದು ಇಷ್ಟೇ: ಸರ್ಕಾರ ಮಾನ್ಯ ಮಾಡಿದ ಗುರುತಿನ ಚೀಟಿ ಮತ್ತು ಮುಂಗಡ ಹಣವಿದ್ದ ವಯಸ್ಕರಿಗೆ, ಒಬ್ಬರೇ ಬಂದಿರಲಿ, ಯಾರೊಂದಿಗೇ ಬಂದಿರಲಿ, ಕೊಠಡಿ ಖಾಲಿ ಇದ್ದರೆ ಕೊಡಲಾಗುವುದು, ಸಂಬಂಧವನ್ನು ವಿಚಾರಿಸಲಾಗುವುದಿಲ್ಲ. ಮೂರನೆಯ ವಸತಿಗೃಹದ ಆ ಸಜ್ಜನರು ನಮ್ಮ ಸಂಸ್ಥೆಯ ಸದಸ್ಯರೋ ಅಲ್ಲವೋ ನಾನು ವಿಚಾರಿಸಲು ಹೋಗಿಲ್ಲ. ವಸೂಲಿಯ ಬಾಕಿ ಇನ್ನೂ ಇದೆ. ಮುಂದಿನ ತಿಂಗಳು ಮತ್ತೆ ಆ ಊರಿಗೆ ಹೋಗಬೇಕಾಗಿದೆ.