ಹೆರಾಲ್ಡಿಗೆ ಸ್ಪಿಟ್‌ಫೈರ್ ಇಂಜಿನ್: ಕೂರೋದು ಬೇರೆ, ಹೊಂದೋದು ಬೇರೆ

ಕಬ್ಬಿಗೆ ನೀರು ಕಟ್ಟಿ ಬಂದು ಜಗಲಿ ಮೇಲೆ ಕೂತಿದ್ದೆ. ಮಗ ಮೊಬೈಲ್ ಹಿಡ್ಕೊಂಡು ಬಂದ. "ಅಪ್ಪಾ, ತಾತನ ಹೆರಾಲ್ಡಿಗೆ ಸ್ಪಿಟ್‌ಫೈರ್ ಇಂಜಿನ್ ಸಿಗುತ್ತಂತೆ. ಹಳೇದು ಬಿಚ್ಚಿ ಇದನ್ನ ಕೂರಿಸೋದು, ಅಷ್ಟೇ." ಬೇಡ ಅಂದೆ. ಎರಡು ದಿನ ಮಾತಿಲ್ಲ. ನಮ್ಮ ಸುತ್ತಮುತ್ತ ಹಳೆ ಗಾಡಿ ಇಟ್ಕೊಂಡಿರೋರು ಇನ್ನೂ ಇದ್ದೀರಿ, ಅದಕ್ಕೇ ಕಾರಣ ಬರೀತಿದೀನಿ.

ಮಗ ಹೇಳಿದ್ದು ಸುಳ್ಳಲ್ಲ. ಟ್ರಯಂಫ್ ಹೆರಾಲ್ಡ್ ಇಂಗ್ಲೆಂಡಿನಲ್ಲಿ ಬಂದದ್ದು 1959ರಲ್ಲಿ. ನಮ್ಮದು ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಅದೇ ಛಾಸಿಯ ಕುಲದಲ್ಲಿ 1962ರಲ್ಲಿ ಸ್ಪಿಟ್‌ಫೈರ್, ವಿಟೆಸ್ ಹುಟ್ಟಿದವು. ನಮ್ಮ 948 ಸಿಸಿ ಇಂಜಿನ್ನೇ ಬೆಳೆದು 1147 ಆಯ್ತು, ಆಮೇಲೆ 1296. ಹಾಗಾಗಿ ಅಣ್ಣನ ಅಂಗಿ ತಮ್ಮನಿಗೆ ಆಗೋ ಹಾಗೆ ಎಷ್ಟೋ ಸಾಮಾನು ಅದಲು ಬದಲು ಆಗುತ್ತೆ.

ಕೂರದೇ ಇರೋ ಸಾಮಾನಿಂದ ಹೆಚ್ಚಂದ್ರೆ ದುಡ್ಡು ಹೋಗುತ್ತೆ. 1296ರಲ್ಲೇ ಎರಡು ಜಾತಿ: ಮೊದಲಿನದಕ್ಕೆ ಕ್ರ್ಯಾಂಕ್ ಬೇರಿಂಗ್ ಸಣ್ಣದು, ಮಾರ್ಕ್ 4 ಸ್ಪಿಟ್‌ಫೈರಿನದಕ್ಕೆ ದೊಡ್ಡದು. ಬರೀ ಸಿಸಿ ಹೇಳಿ ತರಿಸಬೇಡಿ, ಇಂಜಿನ್ ನಂಬರ್ ನೋಡಿ.

ನನಗೆ ಭಯ ಇರೋದು ಸಲೀಸಾಗಿ ಕೂತುಬಿಡೋ ಸಾಮಾನಿನ ಬಗ್ಗೆ. ಮಾರ್ಕ್ 3 ಸ್ಪಿಟ್‌ಫೈರಿನ 1296 ಇಂಜಿನ್ 75 ಹಾರ್ಸ್‌ಪವರ್, ನಮ್ಮದರ ಎರಡರಷ್ಟು. ಆದ್ರೆ ಸ್ಪಿಟ್‌ಫೈರಿಗೆ ಮೊದಲಿಂದಲೂ ಮುಂದೆ ಡಿಸ್ಕ್ ಬ್ರೇಕು. ನಮ್ಮ ಗಾಡಿಗೆ ನಾಲ್ಕೂ ಡ್ರಮ್ಮು. ಒಂದು ಕಡೆ ಹೋರಿ, ಇನ್ನೊಂದು ಕಡೆ ಕರು ಕಟ್ಟಿ ನೊಗ ಹೂಡಿದ ಹಾಗೆ.

ಹಿಂದಿನ ಚಕ್ರದ್ದು ಇನ್ನೊಂದು ಕಥೆ. ತಿರುವಿನಲ್ಲಿ ಜೋರಾಗಿ ಹೋಗಿ ತಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತೆ, ಹಿಂಬದಿ ಜಾರುತ್ತೆ. ಅಪ್ಪ ಒಮ್ಮೆ ಚಾರ್ಮಾಡಿ ಇಳಿಯೋವಾಗ ಹೀಗಾಗಿ ಗಾಡಿ ತಡೆಗೋಡೆಗೆ ಒರೆಸ್ತು. ಹಿಂದಿನ ಸೀಟಲ್ಲಿ ನಾನಿದ್ದೆ. ಅದು 948 ಇಂಜಿನ್ನಲ್ಲೇ!

ಇದಕ್ಕೆ ಮದ್ದೂ ಆ ಕುಲದಲ್ಲೇ ಇದೆ. 1970ರ ಮಾರ್ಕ್ 4ರಲ್ಲಿ ಹಿಂದಿನ ಸ್ಪ್ರಿಂಗಿನ ಹೆಚ್ಚಿನ ಪಟ್ಟಿಗಳು ನಡುವೆ ತೂಗೋ ಹಾಗೆ ಮಾಡಿದ್ರು. ಅದನ್ನ ಹೆರಾಲ್ಡಿಗೂ ಹಾಕಬಹುದು. ಆದ್ರೆ ಅದರ ಜೊತೆಗೆ ಮುಂದೆ, ಗಾಡಿ ವಾಲದಂಗೆ ಹಿಡಿಯೋ ಸರಳನ್ನೂ ದಪ್ಪದ್ದು ಹಾಕಬೇಕು. ಡಿಸ್ಕ್ ಹಾಕಿದ್ರೆ ಅದಕ್ಕೊಪ್ಪೋ ಮಾಸ್ಟರ್ ಸಿಲಿಂಡರ್ ಬೇಕು. ಒಂದನ್ನ ತಂದ್ರೆ ಅದರ ಜೊತೆಗಾರನನ್ನೂ ತರಬೇಕು.

ಆದ್ದರಿಂದ ನನ್ನ ಲೆಕ್ಕದಲ್ಲಿ ಮೊದಲು ಬ್ರೇಕು, ಆಮೇಲೆ ಸ್ಪ್ರಿಂಗು, ಕೊನೆಗೆ ಇಂಜಿನ್. ಬಿಚ್ಚಿದ ಸಾಮಾನು ಗುಜರಿಗೆ ಹಾಕಬೇಡಿ. ಏನು ಬದಲಾಯಿಸಿದ್ರಿ ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ, ಮುಂದೆ ಕೈ ಹಾಕೋ ಮೆಕ್ಯಾನಿಕ್ಕಿಗೆ ಗೊತ್ತಾಗಲಿ.

ನಿನ್ನೆ ಮಗನಿಗೆ ಹೇಳಿದೆ: ಡಿಸ್ಕ್ ಬ್ರೇಕಿನ ಪಾರ್ಸೆಲ್ ಮೊದಲು ಬರಲಿ. ಖಾಲಿ ರಸ್ತೇಲಿ ಹಿಡಿದು ನೋಡೋಣ. ಸ್ಪ್ರಿಂಗೂ ಆದ ಮೇಲೆ ಇಂಜಿನ್ ದುಡ್ಡು ನಾನೇ ಕೊಡ್ತೀನಿ.